ಕೊರಳು ಯಾರದು?

ಡಾ. ರಾಜಕುಮಾರ್ ಗಾಜನೂರಿನವರು. ನಮ್ಮ ಉಡುಮಲೈಪೇಟೆಯಂಗೆ ಅದೂ ತಮಿಳುನಾಡೇ. ಮನೇಲಿ ಕನ್ನಡ, ಸಂತೇಲಿ ತಮಿಳು. 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕರಾದರು. ಆಮೇಲೆ ಬಹಳ ವರ್ಷ ಅವರಿಗೆ ಹೆಚ್ಚಾಗಿ ಹಾಡಿದವರು ಕಾಕಿನಾಡದ ಪಿ. ಬಿ. ಶ್ರೀನಿವಾಸ್. ನಾವೆಲ್ಲ ಅದು ರಾಜಕುಮಾರರ ದನಿಯೇ ಅಂತ ನಂಬಿ ಅತ್ತಿದ್ದೆವು. ಅದು ಸುಳ್ಳೇ?

ಹರೆಯದಲ್ಲಿ ನಾನೂ ಒಂದು ನಾಟಕದಲ್ಲಿ ಪರದೆ ಹಿಂದೆ ನಿಂತು ದೊಡ್ಡಮನೆ ಹುಡುಗನಿಗೆ ಹಾಡಿದೆ. ಶಾಲು ಅವನಿಗೆ ಬಿತ್ತು. ನಮ್ಮವ್ವ ಮಾತ್ರ ದನಿ ಗುರುತು ಹಿಡಿದಿದ್ದಳು. “ಯಾಕಪ್ಪಾ, ನಿನ್ನ ಹೆಸರು ಹೇಳಲೇ ಇಲ್ಲ?” ಅಂದಳು.

ಶ್ರೀನಿವಾಸರ ಹೆಸರು ತೆರೆ ಮೇಲೆ ಬರ್ತಿತ್ತು. ಎರವಲು ಎತ್ತಿನಲ್ಲಿ ಉತ್ತರೆ ತಪ್ಪಲ್ಲ, ಎತ್ತು ನಂದೇ ಅಂದರೆ ತಪ್ಪು.

1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆ ಮೇಲೆ ಕೂತ ರಾಜಕುಮಾರ್ ತಮ್ಮ ದನಿಯಲ್ಲೇ ಹಾಡಿದರು. ಮುಂದೆ ಹೆಚ್ಚಾಗಿ ತಾವೇ ಹಾಡಿಕೊಂಡರು. ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ತನ್ನ ಕೊರಳು ತಾನು ತಕ್ಕೊಳ್ಳೋದು ನ್ಯಾಯವೇ. ಆದರೂ ಎರವಲು ಕೊಟ್ಟವರಿಗೆ ಕೆಲಸ ಕಮ್ಮಿಯಾಯ್ತಲ್ಲ, ಆ ಲೆಕ್ಕ ನನಗೆ ಬಗೆಹರಿದಿಲ್ಲ.

ದೊಡ್ಡಮನೆ ಹುಡುಗ ಈಗಿಲ್ಲ. ಮೊನ್ನೆ ಅವನ ಮೊಮ್ಮಗ ಬಂದು, “ನಮ್ಮ ತಾತ ಹಾಡಿದ ಆ ಹಾಡು ಹೇಳಿಕೊಡಿ” ಅಂದ. ಹೇಳಿಕೊಟ್ಟೆ. ಅದು ಯಾರ ದನಿ ಅಂತ ಮಾತ್ರ ಇನ್ನೂ ಹೇಳಿಲ್ಲ.