ಮೂಸಾರ ತಾಯಿಯ ಹೃದಯ



ಪವಿತ್ರ ಕುರ್‌ಆನಿನ 'ಅಲ್ ಕಸಸ್' ಅಧ್ಯಾಯದಲ್ಲಿ ಒಬ್ಬ ತಾಯಿಯ ಪ್ರಸ್ತಾಪವಿದೆ. ಫಿರ್‌ಔನನ ಸೈನಿಕರು ಇಸ್ರಾಈಲ್ ವಂಶದ ಗಂಡು ಮಕ್ಕಳನ್ನು ಹುಡುಕಿ ಕೊಲ್ಲುತ್ತಿದ್ದ ದಿನಗಳವು. ಹಾಲು ಕುಡಿಯುವ ತನ್ನ ಕಂದನನ್ನು ನದಿಯಲ್ಲಿ ಬಿಡುವಂತೆ ಅಲ್ಲಾಹನು ಹ. ಮೂಸಾ(ಅ)ರ ತಾಯಿಗೆ ಸೂಚಿಸಿದನು. ಹೆದರಬಾರದು, ದುಃಖಿಸಬಾರದು, ಮಗುವನ್ನು ಮರಳಿ ಆಕೆಯ ಮಡಿಲಿಗೇ ಸೇರಿಸುವೆವು ಎಂಬ ಭರವಸೆಯನ್ನೂ ನೀಡಿದನು. ಆಕೆ ಅಲ್ಲಾಹನ ಆಜ್ಞೆಯಂತೆ ನಡೆದರು. ಆದರೆ ಬೆಳಗಾದಾಗ ಆಕೆಯ ಹೃದಯ ಬರಿದಾಗಿತ್ತೆಂದೂ, ಅಲ್ಲಾಹನು ಆ ಹೃದಯವನ್ನು ಬಿಗಿದು ಗಟ್ಟಿ ಮಾಡದಿದ್ದರೆ ಆಕೆ ಗುಟ್ಟನ್ನು ಹೊರಗೆಡಹಿಯೇ ಬಿಡುತ್ತಿದ್ದರೆಂದೂ ಕುರ್‌ಆನ್ ತಿಳಿಸುತ್ತದೆ.

ಒಮ್ಮೆ ಯೋಚಿಸಿ ನೋಡಿ. ಸ್ವತಃ ಅಲ್ಲಾಹನಿಂದ ಭರವಸೆ ಪಡೆದ ಹೃದಯವೇ ನಡುಗಿತು. ಅದಕ್ಕಾಗಿ ಅಲ್ಲಾಹನು ಆಕೆಯನ್ನು ಆಕ್ಷೇಪಿಸಲಿಲ್ಲ. ಆಕೆಯ ವಿಶ್ವಾಸ ದುರ್ಬಲವಾಯಿತೆಂದು ಹೇಳಲಿಲ್ಲ. ನಡುಗುವ ಹೃದಯವನ್ನು ಹಿಡಿದು ನಿಲ್ಲಿಸಿದನು, ಅಷ್ಟೆ.

ಹಲವು ವರ್ಷಗಳಿಂದ ಮದ್ರಸಾದಲ್ಲಿ ಮಕ್ಕಳಿಗೆ ಈ ವೃತ್ತಾಂತವನ್ನು ಕಲಿಸುತ್ತಾ ಬಂದಿದ್ದೇನೆ. ಆದರೆ ಅದರ ಅರ್ಥ ನನಗೆ ತಿಳಿದದ್ದು ಮೂರು ವರ್ಷಗಳ ಹಿಂದೆ, ನನ್ನ ಅಕ್ಕನಿಂದ.

ಅವರ ಎಡ ಸ್ತನದಲ್ಲಿ ಗಂಟೊಂದು ಕಾಣಿಸಿಕೊಂಡಿತ್ತು. ನಾಚಿಕೆಯಿಂದ ಏಳು ತಿಂಗಳು ಯಾರಿಗೂ ಹೇಳಿರಲಿಲ್ಲ. ಕೊನೆಗೆ ಪರೀಕ್ಷೆಯಾಗಿ ಕ್ಯಾನ್ಸರ್ ಎಂದು ತಿಳಿದು, ಶಸ್ತ್ರಕ್ರಿಯೆಗೆ ದಿನ ನಿಗದಿಯಾಯಿತು. ಹಿಂದಿನ ರಾತ್ರಿ ಇಶಾ ನಮಾಝಿನ ಬಳಿಕ ಮುಸಲ್ಲಾದ ಮೇಲೆಯೇ ಕುಳಿತಿದ್ದ ಅಕ್ಕ, "ನಂಗೆ ಬಹಳ ಹೆದರಿಕೆಯಾಗ್ತಿದೆ ಕಣೋ" ಎಂದರು. ನಾನು ಉಪದೇಶಕನಲ್ಲವೇ! "ಆಪಾ, ಐದು ಹೊತ್ತು ನಮಾಝ್ ಮಾಡುವವರು ನೀವು. ನೀವೇ ಹೀಗೆ ಹೆದರಿದರೆ ಹೇಗೆ? ತವಕ್ಕುಲ್ ಇರುವವರಿಗೆ ಭಯ ಎಲ್ಲಿಂದ ಬಂತು?" ಎಂದುಬಿಟ್ಟೆ. ಅವರು ದುಪಟ್ಟಾವನ್ನು ಮುಖಕ್ಕೆ ಎಳೆದುಕೊಂಡು ಗೋಡೆಯ ಕಡೆಗೆ ತಿರುಗಿ ಮಲಗಿದರು. ಮತ್ತೆ ಮಾತಾಡಲಿಲ್ಲ.

ಅಲ್‌ಹಮ್ದುಲಿಲ್ಲಾಹ್, ಶಸ್ತ್ರಕ್ರಿಯೆ ಸುಸೂತ್ರವಾಗಿ ನಡೆಯಿತು. ತಿಂಗಳುಗಳ ಬಳಿಕ ಒಂದು ದಿನ ಚಹಾ ಕೊಡುತ್ತಾ ಅಕ್ಕ ಹೇಳಿದರು: "ಅವತ್ತು ನೀನು ಹಾಗೆ ಹೇಳಿದ ಮೇಲೆ ನನಗೆ ಒಂದರ ಬದಲು ಎರಡು ಭಯ ಆಯ್ತು. ಒಂದು ಆಪರೇಶನ್ನಿನದು. ಇನ್ನೊಂದು, ನನ್ನ ಈಮಾನೇ ಹೊರಟುಹೋಯ್ತೇನೋ ಅನ್ನುವುದು."

ಸೋದರಿಯರೇ, ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ರೋಗಿಯ ಹೊರೆಯನ್ನು ಇಳಿಸಬೇಕಾದವನು ಅದನ್ನು ಇಮ್ಮಡಿಗೊಳಿಸಿದ್ದೆ. ಅಂದು ರಾತ್ರಿ ಅಕ್ಕನಿಗೆ ಏನು ಹೇಳಬೇಕಿತ್ತೋ ಅದನ್ನು ಇಂದು ನಿಮಗೆ ಹೇಳುತ್ತಿದ್ದೇನೆ. ಏಕೆಂದರೆ ಇದು ಒಂದೆರಡು ಮನೆಗಳ ಸಂಗತಿಯಲ್ಲ. ಸ್ತನದ ಕ್ಯಾನ್ಸರ್ ನಮ್ಮ ದೇಶದ ಮಹಿಳೆಯರಲ್ಲಿ ಅತ್ಯಂತ ಹೆಚ್ಚು ಕಂಡುಬರುವ ಕ್ಯಾನ್ಸರ್. 2022ನೇ ವರ್ಷವೊಂದರಲ್ಲೇ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಈ ರೋಗ ಹೊಸದಾಗಿ ತಗುಲಿತೆಂದು ಅಂದಾಜಿಸಲಾಗಿದೆ.

ಮೊದಲನೆಯದಾಗಿ, ಭಯವು ಪಾಪವಲ್ಲ. ತನ್ನ ಕೈಯಲ್ಲಿದ್ದ ಕೋಲು ಹಾವಾದಾಗ ಹ. ಮೂಸಾ(ಅ) ಹಿಂದಿರುಗಿ ನೋಡದೆ ಓಡಿದರು. ಮಗನ ಅಗಲಿಕೆಯಲ್ಲಿ ಅತ್ತು ಅತ್ತು ಹ. ಯಅ್‌ಕೂಬ್(ಅ)ರ ಕಣ್ಣುಗಳು ಬೆಳ್ಳಗಾದವು. ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿವರ್ಯರು(ಸ) ಕಣ್ಣೀರಿಟ್ಟರು. ಕಣ್ಣು ಒದ್ದೆಯಾಗುತ್ತದೆ, ಹೃದಯ ನೋಯುತ್ತದೆ, ಆದರೆ ನಾಲಗೆಯಿಂದ ಪ್ರಭುವಿಗೆ ಮೆಚ್ಚುಗೆಯಾಗುವ ಮಾತನ್ನಷ್ಟೇ ಆಡುವೆವು ಎಂದು ಅವರು ತಿಳಿಸಿದ್ದಾಗಿ ಹದೀಸ್‌ಗಳಲ್ಲಿದೆ. ಇವರೆಲ್ಲರಿಗಿಂತ ಮಿಗಿಲಾದ ಈಮಾನನ್ನು ನಮ್ಮಿಂದ ಯಾರೂ ಕೇಳಿಲ್ಲ. ಭಯ ಹೃದಯದ ಸಹಜ ಸ್ವಭಾವ. ಆ ಭಯದಲ್ಲಿ ನಾವೇನು ಮಾಡುತ್ತೇವೆ ಎಂಬುದೇ ಈಮಾನಿನ ವಿಷಯ.

ಮೂಸಾ(ಅ)ರ ತಾಯಿ ಭಯದ ನಡುವೆಯೇ ಮೂರು ಕೆಲಸ ಮಾಡಿದರು. ಮಗುವನ್ನು ಪೆಟ್ಟಿಗೆಯಲ್ಲಿಟ್ಟರು. ಪೆಟ್ಟಿಗೆಯನ್ನು ನದಿಗೆ ಬಿಟ್ಟರು. ಮಗುವಿನ ಅಕ್ಕನನ್ನು ಹಿಂಬಾಲಿಸಲು ಕಳುಹಿಸಿದರು. ಶಸ್ತ್ರಕ್ರಿಯೆಗೆ ಸಿದ್ಧಳಾಗುವ ಸೋದರಿಗೂ ಈ ಮೂರೇ ಕೆಲಸಗಳಿವೆ.

ಪೆಟ್ಟಿಗೆ ಎಂದರೆ ಸಿದ್ಧತೆ. ಅಲ್ಲಾಹನು ರಕ್ಷಿಸುವನೆಂದು ಆಕೆ ಮಗುವನ್ನು ಬರಿಯ ನೀರಿಗೆ ಎಸೆಯಲಿಲ್ಲ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಭರವಸೆಯಿಡಬೇಕೆಂದು ಕಲಿಸಿದ ಪ್ರವಾದಿವರ್ಯರು(ಸ) ಚಿಕಿತ್ಸೆ ಪಡೆಯುವಂತೆಯೂ ಆಜ್ಞಾಪಿಸಿದ್ದಾರೆ. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಪೈನಿನ ಕೊರ್ಡೋವಾದಲ್ಲಿ ಬಾಳಿದ ಮುಸ್ಲಿಮ್ ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿಯವರು ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ಈ ರೋಗದ ಬಗ್ಗೆ ಬರೆದಿದ್ದಾರೆ. ಸ್ತನದಂತಹ ಭಾಗದಲ್ಲಿರುವ ಗಡ್ಡೆಯನ್ನು ಚಿಕ್ಕದಿರುವಾಗಲೇ ಪೂರ್ಣವಾಗಿ ತೆಗೆಯಬಹುದು, ಹಳತಾಗಿ ದೊಡ್ಡದಾದ ಮೇಲೆ ತಾವಾಗಲಿ ತಮಗೆ ತಿಳಿದ ಇನ್ನಾರೇ ಆಗಲಿ ಅದನ್ನು ಗುಣಪಡಿಸಿದ್ದಿಲ್ಲ ಎಂಬುದು ಅವರ ಅನುಭವವಾಗಿತ್ತು. ಇಂದು ಚಿಕಿತ್ಸೆ ಬಹಳ ಮುಂದುವರಿದಿದೆ. ಆದರೂ ಬೇಗ ಬಂದವರಿಗೆ ಹಾದಿ ಸುಲಭ ಎಂಬ ಆ ಮಾತು ಬದಲಾಗಿಲ್ಲ. ಆದ್ದರಿಂದ ದುಆ ಮಾಡಿ, ಕುರ್‌ಆನ್ ಓದಿ ಊದಿಸಿಕೊಳ್ಳಿ. ಆದರೆ ಅವುಗಳ ಹೆಸರಿನಲ್ಲಿ ಆಸ್ಪತ್ರೆಯ ದಿನವನ್ನು ಮುಂದೂಡಬೇಡಿ.

ತಿಳಿಯದ ವಿಷಯವೇ ಮನಸ್ಸನ್ನು ಹೆಚ್ಚು ಕಾಡುತ್ತದೆ. ಆದ್ದರಿಂದ ವೈದ್ಯರಲ್ಲಿ ಕೇಳಬೇಕಾದುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪೂರ್ಣ ಸ್ತನ ತೆಗೆಯಬೇಕೇ, ಗಡ್ಡೆಯನ್ನಷ್ಟೇ ತೆಗೆದರೆ ಸಾಕೇ? ಹಿಂದಿನ ಕಾಲದಲ್ಲಿ ಎದೆಯ ಸ್ನಾಯುಗಳ ಸಹಿತ ಎಲ್ಲವನ್ನೂ ತೆಗೆಯುತ್ತಿದ್ದರು. ಆರಂಭದ ಹಂತದಲ್ಲಿ ಗಡ್ಡೆಯನ್ನು ಮಾತ್ರ ತೆಗೆದು ವಿಕಿರಣ ಚಿಕಿತ್ಸೆ ನೀಡಿದವರೂ ಪೂರ್ಣ ಸ್ತನ ತೆಗೆಸಿಕೊಂಡವರಷ್ಟೇ ಕಾಲ ಬದುಕುತ್ತಾರೆಂದು ಅಮೆರಿಕ ಮತ್ತು ಇಟಲಿಯಲ್ಲಿ ರೋಗಿಗಳನ್ನು 20 ವರ್ಷ ಗಮನಿಸಿ ನಡೆಸಿದ ಎರಡು ಅಧ್ಯಯನಗಳು 2002ರಲ್ಲಿ ತೋರಿಸಿಕೊಟ್ಟವು. ನಿಮಗೆ ಯಾವುದು ಸೂಕ್ತವೆಂಬುದು ಗಡ್ಡೆಯ ಗಾತ್ರ ಮತ್ತು ರೋಗದ ಹಂತವನ್ನು ಅವಲಂಬಿಸಿದೆ. ಕಂಕುಳಿನ ಗ್ರಂಥಿಗಳನ್ನು ತೆಗೆಯುವರೇ, ಗಾಯದ ನೀರು ಹೊರಹೋಗಲು ಇಡುವ ಕೊಳವೆ ಎಷ್ಟು ದಿನ ಇರುತ್ತದೆ, ತೋಳಿನ ವ್ಯಾಯಾಮ ಯಾವಾಗ ಆರಂಭಿಸಬೇಕು ಎಂಬುದನ್ನೂ ಕೇಳಿ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು, ರಕ್ತ ತೆಳುವಾಗಿಸುವ ಔಷಧ, ಯುನಾನಿ ಅಥವಾ ನಾಟಿ ಮದ್ದು ಏನೇ ಸೇವಿಸುತ್ತಿದ್ದರೂ ಮುಚ್ಚಿಡದೆ ಹೇಳಿ. ಬೆರಳಿಗೆ ಚಿಕ್ಕ ಯಂತ್ರ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುವುದರಿಂದ ಉಗುರಿನ ಬಣ್ಣ ತೆಗೆದಿರಬೇಕು. ಉಗುರಿಗೆ ಮೆಹಂದಿ ಹಚ್ಚಿದ್ದರೆ ಅದನ್ನೂ ತಿಳಿಸಿ. ಕೈ ಎತ್ತದೆ ತೊಡಬಹುದಾದ, ಮುಂದೆ ಗುಂಡಿಯಿರುವ ಸಡಿಲ ಉಡುಪನ್ನು ಚೀಲದಲ್ಲಿಟ್ಟುಕೊಳ್ಳಿ.

ಪುರುಷ ವೈದ್ಯರ ಮುಂದೆ ಹೇಗೆ ಎಂಬ ಸಂಕೋಚದಿಂದಲೇ ನನ್ನ ಅಕ್ಕ ಏಳು ತಿಂಗಳು ಕಳೆದುಕೊಂಡರು. ಲಜ್ಜೆ ಈಮಾನಿನ ಭಾಗ, ನಿಜ. ವೈದ್ಯೆ ಲಭ್ಯವಿದ್ದರೆ ಕೇಳಿ ಪಡೆಯಿರಿ. ಇಲ್ಲವಾದರೆ ಅನಿವಾರ್ಯ ಸಂದರ್ಭದಲ್ಲಿ ಅಗತ್ಯವಿರುವಷ್ಟಕ್ಕೆ ಶರೀಅತ್ ಅನುಮತಿ ನೀಡಿದೆ. ಪ್ರವಾದಿವರ್ಯರ(ಸ) ಕಾಲದಲ್ಲಿ ಹ. ರುಬಯ್ಯಿಅ್ ಬಿಂತ್ ಮುಅವ್ವಿಝ್(ರ)ರಂತಹ ಸಹಾಬಿ ಮಹಿಳೆಯರು ಯುದ್ಧಭೂಮಿಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದರು. ಜೀವ ಉಳಿಸುವ ಕಾರ್ಯದಲ್ಲಿ ಧರ್ಮ ಬಾಗಿಲು ಮುಚ್ಚಿಲ್ಲ. ಶಸ್ತ್ರಕ್ರಿಯೆಯ ಕೋಣೆಗೆ ಕರೆದೊಯ್ಯುವಾಗ ತಲೆ ಮತ್ತು ಮೈ ಮುಚ್ಚಿರಲಿ ಎಂದು ನರ್ಸ್‌ಗೆ ಮೊದಲೇ ಹೇಳಿ.

ಹಣದ ಚಿಂತೆಯೂ ಭಯದ ಒಂದು ಪಾಲು. ಬಿ.ಪಿ.ಎಲ್. ಚೀಟಿಯಿರುವ ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಸ್ವಾತಂತ್ರ್ಯ ಹೋರಾಟಗಾರ ರಫೀ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ ಬೆಂಗಳೂರಿನಲ್ಲಿ 1973ರಿಂದ ನಡೆಯುತ್ತಿರುವ ಸರಕಾರಿ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಬಳೆ ಅಡವಿಡುವ ಮುನ್ನ ವಿಚಾರಿಸಿ ನೋಡಿ.

ಎರಡನೆಯದು ನದಿ. ಪೆಟ್ಟಿಗೆ ಸಿದ್ಧವಾದ ಮೇಲೆ ಕೈ ಬಿಡಲೇಬೇಕಾದ ಗಳಿಗೆಯೊಂದು ಬರುತ್ತದೆ. ಅದೇ ತವಕ್ಕುಲ್. ಹಿಂದಿನ ರಾತ್ರಿ ಸ್ನಾನ ಮಾಡಿ, ಎರಡು ರಕಅತ್ ನಮಾಝ್ ನಿರ್ವಹಿಸಿ, ನಿಮ್ಮ ಮಾತೃಭಾಷೆಯಲ್ಲೇ ಅಲ್ಲಾಹನೊಡನೆ ಮಾತನಾಡಿ. "ಯಾ ಅಲ್ಲಾಹ್, ನನಗೆ ಹೆದರಿಕೆಯಾಗುತ್ತಿದೆ" ಎಂದೇ ಆರಂಭಿಸಿ. ಹ. ಯಅ್‌ಕೂಬ್(ಅ) ತಮ್ಮ ಸಂಕಟವನ್ನು ತೋಡಿಕೊಂಡದ್ದು ಅವನಲ್ಲೇ ಅಲ್ಲವೇ? ನೋವಿರುವ ಜಾಗದಲ್ಲಿ ಕೈಯಿಟ್ಟು ಮೂರು ಬಾರಿ ಬಿಸ್ಮಿಲ್ಲಾಹ್ ಹೇಳಿ, ಏಳು ಬಾರಿ ಅಲ್ಲಾಹನ ಅಭಯ ಯಾಚಿಸಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ದುಆವನ್ನು ಕಲಿತುಕೊಳ್ಳಿ. ಬೆಳಿಗ್ಗೆ ವುಝೂ ಮಾಡಿಕೊಂಡಿರಿ. ಯಾವ ಹೊತ್ತಿನಿಂದ ಅನ್ನ ನೀರು ಬಿಡಬೇಕೆಂದು ವೈದ್ಯರು ಹೇಳಿದ್ದಾರೋ ಅದನ್ನು ಚಾಚೂ ತಪ್ಪದೆ ಪಾಲಿಸಿ. ಎದೆ ಬಡಿದುಕೊಂಡರೆ ನಿಧಾನವಾಗಿ ಉಸಿರೆಳೆದು, ಅದಕ್ಕಿಂತಲೂ ನಿಧಾನವಾಗಿ ಬಿಡುತ್ತಾ ಒಂದೊಂದು ಉಸಿರಿಗೂ 'ಹಸ್ಬಿಯಲ್ಲಾಹ್' ಎನ್ನಿ. ಅರಿವಳಿಕೆ ಕೊಡುವ ವೈದ್ಯರಿಗೂ "ಭಯವಾಗುತ್ತಿದೆ" ಎಂದು ಹೇಳಬಹುದು. ಅವರು ದಿನವೂ ಕೇಳುವ ಮಾತದು, ಅದಕ್ಕೆ ಅವರಲ್ಲಿ ಔಷಧವೂ ಇದೆ.

ನಮಾಝಿನ ಚಿಂತೆ ಬೇಡ. ನಿಂತು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಿರ್ವಹಿಸಬಹುದೆಂದು ಹ. ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿವರ್ಯರು(ಸ) ತಿಳಿಸಿದ್ದರು. ತೋಳು ಊರಲು ಆಗದಿದ್ದರೆ ರುಕೂಅ್, ಸುಜೂದನ್ನು ಸನ್ನೆಯಿಂದ ಮಾಡಿ. ಗಾಯಕ್ಕೆ ನೀರು ತಾಗಿಸಬೇಡಿ. ಮದ್ದಿನ ಪಟ್ಟಿಯ ಮೇಲೆ ಮಸಹ್ ಮಾಡುವುದು, ತಯಮ್ಮುಮ್ ಮಾಡುವುದು, ತಪ್ಪಿಹೋದ ನಮಾಝನ್ನು ಕಝಾ ಮಾಡುವುದು, ಇವುಗಳ ವಿವರದಲ್ಲಿ ಹನಫೀ ಮತ್ತು ಶಾಫಿಈ ಮದ್‌ಹಬ್‌ಗಳ ನಡುವೆ ಸ್ವಲ್ಪ ವ್ಯತ್ಯಾಸವಿರುವುದರಿಂದ ನಿಮ್ಮ ಊರಿನ ಆಲಿಮರಲ್ಲಿ ಮೊದಲೇ ಕೇಳಿಕೊಳ್ಳಿ.

ಮೂರನೆಯದು ದಡದಲ್ಲಿ ನಡೆದ ಸೋದರಿ. ಈ ಮಾತು ಮನೆಯವರಿಗೆ, ವಿಶೇಷವಾಗಿ ನನ್ನಂತಹ ಗಂಡಸರಿಗೆ. ಆ ಹುಡುಗಿ ತಾಯಿಗೆ ಉಪದೇಶ ನೀಡಲಿಲ್ಲ. ಪೆಟ್ಟಿಗೆಯ ಮೇಲೆ ಕಣ್ಣಿಟ್ಟು ದಡದಗುಂಟ ನಡೆದಳು. ಸಮಯ ಬಂದಾಗ ಒಂದು ಒಳ್ಳೆಯ ಮಾತನಾಡಿದಳು. ರೋಗಿಯ ಬಳಿ ಇರಬೇಕಾದುದೂ ಹೀಗೆಯೇ. ಯಾರದೋ ಸಾವಿನ ಕಥೆಯನ್ನು ಆಸ್ಪತ್ರೆಗೆ ಹೊತ್ತು ತರಬೇಡಿ. ರೋಗಿಗಳನ್ನು ಭೇಟಿಯಾದಾಗ ಪ್ರವಾದಿವರ್ಯರು(ಸ) ತೊಂದರೆಯಿಲ್ಲವೆಂದೂ, ಅಲ್ಲಾಹನಿಚ್ಛಿಸಿದರೆ ಇದು ಪಾಪಗಳಿಂದ ಶುದ್ಧೀಕರಣವೆಂದೂ ಸಾಂತ್ವನ ನೀಡುತ್ತಿದ್ದರು. ಅಷ್ಟು ಸಾಕು. ಉಳಿದಂತೆ ಆಕೆಯ ಮಕ್ಕಳಿಗೆ ಊಟ ಬಡಿಸಿ, ಆಸ್ಪತ್ರೆಯ ಕಾಗದಪತ್ರ ನೋಡಿಕೊಳ್ಳಿ. ಆಕೆ "ಹೆದರಿಕೆಯಾಗುತ್ತಿದೆ" ಎಂದಾಗ "ನಾನಿಲ್ಲೇ ಇದ್ದೇನೆ" ಎನ್ನಿ.

ಪತಿಯರಿಗೊಂದು ಮಾತು. ಅನೇಕ ಸೋದರಿಯರು ಕತ್ತಿಗಿಂತ ಹೆಚ್ಚಾಗಿ ಹೆದರುವುದು ಆಮೇಲಿನ ನಿಮ್ಮ ನೋಟಕ್ಕೆ. ನಿಮ್ಮ ಮಕ್ಕಳಿಗೆ ಹಾಲೂಡಿಸಿದ ದೇಹವದು. ಒಂದು ಅಂಗ ಇಲ್ಲವಾದರೆ ಆಕೆಯ ಗೌರವದಲ್ಲಿ ಎಳ್ಳಷ್ಟೂ ಕೊರತೆಯಾಗದು ಎಂಬುದನ್ನು ಶಸ್ತ್ರಕ್ರಿಯೆಗೆ ಮೊದಲೇ ನಿಮ್ಮ ಬಾಯಿಂದ ಆಕೆ ಕೇಳಲಿ. ಯುದ್ಧದಲ್ಲಿ ಮೂಗು ಕಳೆದುಕೊಂಡ ಹ. ಅರ್ಫಜ(ರ)ರಿಗೆ ಚಿನ್ನದ ಮೂಗನ್ನು ಧರಿಸಲು ಪ್ರವಾದಿವರ್ಯರು(ಸ) ಅನುಮತಿ ನೀಡಿದ್ದರು. ಆದ್ದರಿಂದ ಉಡುಪಿನೊಳಗೆ ಕೃತಕ ಸ್ತನ ಧರಿಸಲು ಬಯಸುವ ಸೋದರಿಯನ್ನು ಯಾರೂ ಹೀಯಾಳಿಸದಿರಲಿ. ಶಸ್ತ್ರಕ್ರಿಯೆಯ ಮೂಲಕ ಸ್ತನವನ್ನು ಪುನಃ ರೂಪಿಸುವುದಕ್ಕೂ 2007ರಲ್ಲಿ ಮಲೇಶಿಯಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ವಿದ್ವಾಂಸರು ಸಮ್ಮತಿ ಸೂಚಿಸಿದ್ದಾರೆ.

ಅಲ್ಲಾಹನು ಮೂಸಾ(ಅ)ರನ್ನು ತಾಯಿಯ ಮಡಿಲಿಗೆ ಮರಳಿಸಿದನು, ಆಕೆಯ ಕಣ್ಣು ತಣಿಯಲೆಂದು. ಎಲ್ಲರಿಗೂ ತಾವು ಬಯಸಿದ್ದೇ ಈ ಲೋಕದಲ್ಲಿ ಮರಳಿ ಸಿಗುವುದೆಂದು ನಾನು ಹೇಳಲಾರೆ. ಗುಣಪಡಿಸುವವನು ಅವನೊಬ್ಬನೇ, ಆಯುಷ್ಯ ಅವನ ಕೈಯಲ್ಲಿದೆ. ಆದರೆ ಒಂದು ಮುಳ್ಳು ಚುಚ್ಚಿದ ನೋವು ಕೂಡ ವಿಶ್ವಾಸಿಯ ಪಾಪಗಳಿಗೆ ಪರಿಹಾರವಾಗುತ್ತದೆಂದು ಪ್ರವಾದಿವರ್ಯರು(ಸ) ತಿಳಿಸಿರುವಾಗ, ನಿದ್ದೆಯಿಲ್ಲದ ಆ ಒಂದು ರಾತ್ರಿ ವ್ಯರ್ಥವಾದೀತೇ?

ನನ್ನ ಅಕ್ಕ ಈಗ ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾರೆ. ಪ್ರತಿ ಸಲ ಹಿಂದಿನ ರಾತ್ರಿ, "ಹೆದರಿಕೆಯಾಗ್ತಿದೆ ಕಣೋ" ಎನ್ನುತ್ತಾರೆ. ನಾನೀಗ ಉಪದೇಶ ಮಾಡುವುದಿಲ್ಲ. "ಆಗಲಿ ಆಪಾ, ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡೋಣ?" ಎಂದು ಕೇಳುತ್ತೇನೆ.

ಯಾ ಅಲ್ಲಾಹ್, ಮೂಸಾ(ಅ)ರ ತಾಯಿಯ ಹೃದಯವನ್ನು ಹಿಡಿದು ನಿಲ್ಲಿಸಿದಂತೆ ನಾಳೆ ಶಸ್ತ್ರಕ್ರಿಯೆಗೆ ಹೋಗಲಿರುವ ನಮ್ಮ ಸೋದರಿಯರ ಹೃದಯಗಳನ್ನೂ ಹಿಡಿದು ನಿಲ್ಲಿಸು. ಅವರಿಗೆ ಸಂಪೂರ್ಣ ಶಿಫಾ ದಯಪಾಲಿಸು. ಅವರ ಜೊತೆ ನಡೆಯುವವರಿಗೆ ಮೃದುವಾದ ನಾಲಗೆಯನ್ನು ಕೊಡು. ಆಮೀನ್.