ತಾಳುವುದು ಎಲ್ಲಿಯವರೆಗೆ?

"ತಾಳಿದವನು ಬಾಳಿಯಾನು" ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವರು ನಾವು. ಆದರೆ ತಾಳುವುದು ಎಲ್ಲಿಯವರೆಗೆ ಧರ್ಮ? ಈ ಪ್ರಶ್ನೆ ನಮಗೆ ಎದುರಾದದ್ದು ನಮ್ಮ ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ.

ಅಲ್ಲಿನ ಒಂದು ಕಾರ್ಖಾನೆಗೆ ನಾವು ವಾರಕ್ಕೊಮ್ಮೆ ರೋಗಿಗಳನ್ನು ನೋಡಲು ಹೋಗುತ್ತೇವೆ. ಪಕ್ಕದ ಮುಕುರುವಿನಿಂದ ನಡೆದು ಬರುವ ಹೆಂಗಸೊಬ್ಬರು ಪ್ರತಿ ತಿಂಗಳೂ ಹೊಟ್ಟೆನೋವೆಂದು ಎರಡು ದಿನ ರಜೆ ಕೇಳುತ್ತಿದ್ದರು. ಮೇಲ್ವಿಚಾರಕರು ನಮ್ಮ ಕನ್ನಡದವರೇ. "ಡಾಕ್ಟ್ರೇ, ಇದು ನಿಜವೋ ನಾಟಕವೋ, ನೀವೇ ಹೇಳಿಬಿಡಿ" ಎಂದರು.

ಆಕೆಯನ್ನು ಪರೀಕ್ಷಿಸಿದಾಗ ನಮಗೆ ಎಂಡೋಮೆಟ್ರಿಯೋಸಿಸ್ ಇರಬಹುದೆನ್ನಿಸಿತು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅದರ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಸುತ್ತ, ಅಪರೂಪಕ್ಕೆ ಎದೆಯಲ್ಲೂ ಬೆಳೆಯುವ ಕಾಯಿಲೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮಕ್ಕಳಾಗುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗೆ, ಅಂದರೆ ಸುಮಾರು 19 ಕೋಟಿ ಜನಕ್ಕೆ ಇದೆ. ಸ್ಕ್ಯಾನಿನಲ್ಲಿ ಏನೂ ಕಾಣದಿರಬಹುದು. ಸಣ್ಣ ಕಲೆಯೂ ದೊಡ್ಡ ನೋವು ಕೊಡಬಹುದು.

ಕೀನ್ಯಾದಲ್ಲಿ ಈ ಕಾಯಿಲೆಯ ಹೆಸರನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ರೇಡಿಯೋ ನಿರೂಪಕಿ ನ್ಜಾಂಬಿ ಕೊಯಿಕೈ ಒಬ್ಬರು. ಹದಿಹರೆಯದಲ್ಲಿ ಶುರುವಾದ ನೋವಿಗೆ ಸರಿಯಾದ ಹೆಸರು ಸಿಗಲು ಅವರಿಗೆ ಹಲವು ವರ್ಷ ಬೇಕಾಯಿತು. ಅಷ್ಟರಲ್ಲಿ ಕಾಯಿಲೆ ಎದೆಗೇರಿ ಶ್ವಾಸಕೋಶ ಮತ್ತೆ ಮತ್ತೆ ಕುಸಿಯಿತು. 2018ರಲ್ಲಿ ಅಟ್ಲಾಂಟಾಕ್ಕೆ ಹೋಗಿ ಚಿಕಿತ್ಸೆ ಪಡೆದು ಬಂದು, ಎಲ್ಲರೆದುರು ಧೈರ್ಯವಾಗಿ ಮಾತನಾಡಿದರು. 2024ರ ಜೂನ್‌ನಲ್ಲಿ ತೀರಿಕೊಂಡರು.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಎಂಬಿಬಿಎಸ್ ಮುಗಿಸಿದ ಹೊಸತರಲ್ಲಿ ಇಂಥ ಹುಡುಗಿಯರಿಗೆ "ಮದುವೆಯಾದ್ರೆ ಸರಿಹೋಗುತ್ತೆ, ತಡ್ಕೋಮ್ಮ" ಎಂದು ಹೇಳಿ ಕಳಿಸಿದ್ದುಂಟು. ಮದುವೆಯಾಗಲಿ ಬಸಿರಾಗಲಿ ಈ ಕಾಯಿಲೆಗೆ ಮದ್ದಲ್ಲವೆಂದು ಆಮೇಲೆ, ಹೊರದೇಶದ ರೆಸಿಡೆನ್ಸಿಯಲ್ಲಿ ಕಲಿತೆವು. ಆ ಹುಡುಗಿಯರು ಮತ್ತೆ ನಮ್ಮ ಬಳಿ ಬರಲಿಲ್ಲ.

ಆದ್ದರಿಂದ ಆಕೆಯ ಒಪ್ಪಿಗೆ ಪಡೆದು ಮೇಲ್ವಿಚಾರಕರಿಗೆ ಹೇಳಿದೆವು: ನೋವನ್ನು ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಸುಳ್ಳನ್ನು ನಂಬಿದರೆ ನಿಮಗೆ ಎರಡು ದಿನದ ಕೆಲಸ ನಷ್ಟ. ನಿಜವನ್ನು ನಂಬದಿದ್ದರೆ ಆಕೆಗೆ ಎಷ್ಟೋ ವರ್ಷಗಳ ಬಾಳೇ ನಷ್ಟ. ಯಾವ ತಪ್ಪು ಹಗುರ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಮಗಳೂ ತಿಂಗಳಿಗೊಮ್ಮೆ ಸ್ಕೂಲ್ ತಪ್ಪಿಸ್ತಾಳೆ ಡಾಕ್ಟ್ರೇ. ಹೆಂಗಸರ ವಿಷಯ ಅಂತ ನಾನು ಕೇಳೇ ಇಲ್ಲ" ಎಂದರು.

ಈ ಕಾಯಿಲೆಯನ್ನು ಬೇರುಸಹಿತ ಕಿತ್ತೆಸೆಯುವ ಔಷಧ ಇನ್ನೂ ಇಲ್ಲ. ಆದರೂ ಇದರೊಡನೆ ಚೆನ್ನಾಗಿ ಬಾಳಬಹುದು. ನೋವು ಏರುವ ಮೊದಲೇ ಮಾತ್ರೆ, ವೈದ್ಯರು ಹೇಳಿದಂತೆ ಹಾರ್ಮೋನು, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆ, ಬಿಸಿನೀರಿನ ಚೀಲ, ಕೆಲಸದಲ್ಲಿ ಕೂರಲೊಂದು ಸ್ಟೂಲು. ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿತು. ಒಳ್ಳೆಯದೇ. ಆದರೆ ಪಕ್ಕದಲ್ಲಿರುವವರ ನಂಬಿಕೆಯನ್ನು ಯಾವ ಸರ್ಕಾರವೂ ಮಂಜೂರು ಮಾಡಲಾರದು.

ಗಾದೆ ಸುಳ್ಳಲ್ಲ. ನೀಗಲಾಗದ ಕಷ್ಟವನ್ನು ತಾಳಲೇಬೇಕು. ನೀಗಬಹುದಾದ ನೋವನ್ನು ಇನ್ನೊಬ್ಬರಿಂದ ತಾಳಿಸುವುದು ಮಾತ್ರ ಅನ್ಯಾಯ. ಬಂಧುಗಳೇ, ಮನೆಯಲ್ಲಿ ಮಗಳೋ ಸೊಸೆಯೋ ಮುಟ್ಟಿನ ದಿನ ಮುದುಡಿ ಮಲಗಿದ್ದರೆ, "ತಾಳು" ಎನ್ನುವ ಮೊದಲು "ಎಷ್ಟು ತಿಂಗಳಿಂದ ಹೀಗಿದೆ?" ಎಂದು ಕೇಳಿ. ಶಾಲೆ, ಕೆಲಸ ತಪ್ಪಿಸುವಷ್ಟು ನೋವಿದ್ದರೆ ವೈದ್ಯರ ಬಳಿ ಕರೆತನ್ನಿ.