ಓರೆಕೊಕ್ಕಿನ ಮರಿ ಮತ್ತು ಶ್ರಾವಕನ ಹೊಣೆ

ಕೊಕ್ಕು ವಿಕಾರಗೊಂಡ ಕೋಳಿಮರಿಯೊಂದನ್ನು ಯಾರೋ ತಂದು ಜೀವದಯಾ ಕೇಂದ್ರದ ಬಾಗಿಲಲ್ಲಿ ಬಿಟ್ಟುಹೋದರೆ ಶ್ರಾವಕನು ಮಾಡಬೇಕಾದುದೇನು? ಕೊಲ್ಲಬಾರದೆಂಬುದು ಚರ್ಚೆಗೆ ಮೀರಿದ ಮಾತು. ಆದರೆ ಕೊಲ್ಲದೆ ಬಿಟ್ಟ ಮಾತ್ರಕ್ಕೆ ಅಹಿಂಸೆ ಪೂರ್ಣವಾಯಿತೇ ಎಂಬುದೇ ಇಲ್ಲಿನ ಪ್ರಶ್ನೆ.

21 ದಿನಗಳ ಕಾವು ಮುಗಿಸಿ ಹೊರಬರುವ ಮರಿಯ ಉದರದಲ್ಲಿ ಮೊಟ್ಟೆಯ ಹಳದಿಯ ಶೇಷಾಂಶವಿರುತ್ತದೆ. ಎರಡು ಮೂರು ದಿನ ಅದು ಆ ಬಲದಿಂದಲೇ ಜೀವಿಸಬಲ್ಲದು. ಅನಂತರ ತಾನೇ ಕುಕ್ಕಿ ತಿನ್ನಬೇಕು. ವಂಶದೋಷದಿಂದಲೋ, ಕಾವಿನ ಉಷ್ಣತೆಯ ಏರುಪೇರಿನಿಂದಲೋ, ಪೋಷಕಾಂಶಗಳ ಕೊರತೆಯಿಂದಲೋ ಕೊಕ್ಕಿನ ಎರಡು ಭಾಗಗಳು ಕತ್ತರಿಯ ಅಲಗುಗಳಂತೆ ಒಂದನ್ನೊಂದು ದಾಟಿದಾಗ ಕಾಳು ಹಿಡಿತಕ್ಕೆ ಸಿಕ್ಕದು. ಬಟ್ಟಲು ತುಂಬಿರುತ್ತದೆ, ಮರಿ ದಿನವಿಡೀ ಕುಕ್ಕುತ್ತಲೂ ಇರುತ್ತದೆ. ಆದರೂ ಹಸಿವಿನಿಂದಲೇ ಸಾಯುತ್ತದೆ.

ಇಂಥ ಮರಿಯನ್ನು ಕೊಂದು ನೋವಿನಿಂದ ಬಿಡಿಸುವುದೇ ದಯೆಯೆಂಬ ವಾದವನ್ನು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಸ್ಪಷ್ಟವಾಗಿ ನಿರಾಕರಿಸಿದ್ದಾರೆ. ಇದಕ್ಕಿಂತ ಸೂಕ್ಷ್ಮವಾದ ಭ್ರಮೆ ಇನ್ನೊಂದಿದೆ: ‘ಅದರ ಕರ್ಮ, ಅದು ಅನುಭವಿಸಲಿ.’ ಮರಿಯ ಕರ್ಮ ಮರಿಯದೇ ಸರಿ. ನೋಡಿಯೂ ಸುಮ್ಮನಿರುವವನ ಪ್ರಮಾದ ಮಾತ್ರ ಅವನದೇ. ಬಂಧ, ವಧ, ಛೇದ, ಅತಿಭಾರಾರೋಪಣಗಳೊಡನೆ ಅನ್ನಪಾನನಿರೋಧವನ್ನೂ ‘ತತ್ತ್ವಾರ್ಥಸೂತ್ರ’ವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಆಶ್ರಯ ಕೊಟ್ಟ ಜೀವಿಯ ಮುಂದೆ ಅದು ತಿನ್ನಲಾರದ ಕಾಳನ್ನು ಸುರಿದು ಕೈತೊಳೆದುಕೊಳ್ಳುವುದು ಅನ್ನಪಾನನಿರೋಧವಲ್ಲದೆ ಮತ್ತೇನು? ಮರಿ ತಾನೇ ಆಹಾರ ಬಿಟ್ಟಿತೆಂದು ಸಲ್ಲೇಖನದ ಹೆಸರೆತ್ತುವುದಂತೂ ಸಲ್ಲದು. ಸಲ್ಲೇಖನವು ಅರಿತು ಸ್ವೀಕರಿಸುವ ವ್ರತ. ಮರಿಯದು ಬರಿಯ ಹಸಿವು.

ಮಾಡಬೇಕಾದ ಉಪಚಾರ ದೊಡ್ಡದಲ್ಲ. ನುಣ್ಣನೆಯ ಹಿಟ್ಟನ್ನು ನೀರಿನಲ್ಲಿ ಮೆತ್ತಗೆ ಕಲಸಿ, ಮರಿಯು ಮೊಗೆದುಕೊಳ್ಳುವಷ್ಟು ಆಳದ ಬಟ್ಟಲಲ್ಲಿ ಇಟ್ಟು, ಉಳಿದ ಮರಿಗಳಿಂದ ಬೇರೆಯಾಗಿ ತಿನ್ನಿಸಬೇಕು. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಿಸಿ, ಗರಿ ಮೂಡುವವರೆಗೆ ವಾರವಾರವೂ ಶಾಖವನ್ನು ತಗ್ಗಿಸುತ್ತ ಬರಬೇಕು. ಅಂಗಡಿಯ ಮರಿ ಆಹಾರದಲ್ಲಿ ಮೀನಿನ ಪುಡಿ ಸೇರಿರಬಹುದಾದ್ದರಿಂದ ಸೋಯಾ ಆಧಾರಿತ ಆಹಾರವನ್ನು ವಿಚಾರಿಸಿ ತರುವುದು ಲೇಸು. ಕೊಕ್ಕು ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ. ಒಂದಕ್ಕೊಂದು ತಾಗಿ ಸವೆಯದ ಕಾರಣ ಆಗಾಗ ತುದಿಯನ್ನು ಅರದಿಂದ ತಿದ್ದಬೇಕಾಗುತ್ತದೆ. ಒಳಗೆ ರಕ್ತನಾಳವಿರುವುದರಿಂದ ಪಶುವೈದ್ಯರಿಂದ ಕಲಿತೇ ಮಾಡತಕ್ಕ ಕೆಲಸವಿದು. ಇದು ಛೇದವಲ್ಲವೇ ಎಂದು ಕೆಲವರು ಹಿಂಜರಿಯುತ್ತಾರೆ. ಇಕ್ಕಟ್ಟಿನಲ್ಲಿ ಕೂಡಿಹಾಕಿದ ಕೋಳಿಗಳು ಪರಸ್ಪರ ಕುಕ್ಕದಿರಲೆಂದು ವ್ಯಾಪಾರಿಗಳು ಆರೋಗ್ಯವಂತ ಕೊಕ್ಕನ್ನೇ ಕತ್ತರಿಸುತ್ತಾರೆ, ಅದು ಛೇದ. ಉಣ್ಣಲೆಂದು ತುದಿ ತಿದ್ದುವುದರ ಭಾವವೇ ಬೇರೆ.

ದೆಹಲಿಯ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಆಸ್ಪತ್ರೆಯಲ್ಲಿ ಗುಣವಾದ ಪಕ್ಷಿಗಳನ್ನು ಆಕಾಶಕ್ಕೆ ಹಾರಿಬಿಡುವ ಸಂತೋಷವಿದೆ. ಓರೆಕೊಕ್ಕಿನ ಮರಿಯ ಸೇವೆಯಲ್ಲಿ ಆ ಬಿಡುಗಡೆಯ ದಿನವಿಲ್ಲ. ಅದು ಕೋಳಿಯಾಗಿ ಐದಾರು ವರ್ಷ ಬದುಕಿದರೆ ಅಷ್ಟು ವರ್ಷವೂ ಹಿಟ್ಟು ಕಲಸಬೇಕು. ಇಷ್ಟೆಲ್ಲ ಮಾಡಿದರೂ ವಿಕಾರ ತೀವ್ರವಾಗಿದ್ದರೆ ಕೆಲವು ಮರಿಗಳು ಉಳಿಯವು. ಪರ್ವದಿನದಂದು ಎಷ್ಟು ಜೀವಗಳನ್ನು ಬಿಡಿಸಿದೆವೆಂದು ವರದಿಯಲ್ಲಿ ಎಣಿಸುವ ಟ್ರಸ್ಟುಗಳಿಗೆ ಈ ಲೆಕ್ಕ ರುಚಿಸದಿರಬಹುದು. ಆದರೆ ಮರಿಯನ್ನು ಒಳಗೆ ತೆಗೆದುಕೊಳ್ಳುವ ಮೊದಲೇ, ಬೆಳಿಗ್ಗೆ ಸಂಜೆ ಅದರ ಬಟ್ಟಲನ್ನು ನೋಡಿಕೊಳ್ಳುವವರು ಯಾರೆಂಬುದು ನಿಶ್ಚಯವಾಗಿರಬೇಕು. ಅವರು ಊರಿಗೆ ಹೋದ ದಿನ ಯಾರೆಂಬುದೂ ಸಹ.